ಕೆಂಪು ಗೀಟಿನ ತೊಗರಿ

ಎಂಬತ್ತರ ದಶಕದಲ್ಲಿ ನಾನು ಆಳಂದದಿಂದ ಮಾದನಹಿಪ್ಪರಗಾ ಬಸ್ಸು ಹತ್ತಿ, ನಡುವೆ ಇಳಿದು, ಸಣ್ಣ ಊರೊಂದರ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ನಾಲ್ಕನೇ ತರಗತಿ ನನ್ನದು. ಪುಸ್ತಕ ಓದಿ ಹೇಳಿದರೆ ಮಕ್ಕಳು ತೂಕಡಿಸುತ್ತಿದ್ದರು, ಹಾಗೆ ಕಲಿಸಲು ನನಗೂ ಬೇಸರ. ಹಳೆಯ ಉತ್ತರ ಪತ್ರಿಕೆಗಳನ್ನು ಅಂಗೈಯಷ್ಟಕ್ಕೆ ಕತ್ತರಿಸಿ, ಹಾಳೆಯಿಂದ ಹಾಳೆಗೆ ಒಂದೇ ಚಿತ್ರವನ್ನು ಎಳ್ಳಷ್ಟೆಳ್ಳಷ್ಟು ಬದಲಿಸಿ ಬರೆಸತೊಡಗಿದೆ. ಪುಟ್ಟ ಪುಸ್ತಕವಾಗಿ ಹೊಲಿದು, ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಚಿತ್ರ ಓಡುತ್ತಿತ್ತು. ಚಂದ್ರ ಬೆಳೆದ, ಗಡಿಯಾರದ ಮುಳ್ಳು ತಿರುಗಿತು, ರೊಟ್ಟಿ ಅರ್ಧವಾಗಿ ಕಾಲಾಯಿತು. ನನ್ನ ಮಕ್ಕಳಷ್ಟು ಚೆನ್ನಾಗಿ ಭಿನ್ನರಾಶಿ ತಾಲೂಕಿನಲ್ಲಿ ಯಾರಿಗೂ ಬರುತ್ತಿರಲಿಲ್ಲವೆಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಮುಖ್ಯ ಗುರುಗಳಿಗೆ ಮಾತ್ರ ಇದು ಸೇರುತ್ತಿರಲಿಲ್ಲ. "ಇದೇನ್ ಸಾಲಿನೋ, ಟಾಕೀಜೋ? ನಾಡಿದ್ದ ತಪಾಸಣಿಗಿ ಸಾಹೇಬ್ರು ಬರ್ತಾರ. ಒಂದು ತಪ್ಪು ಹಿಡದ್ರಂದ್ರ ಈ ಆಟ ಬಂದ್, ನೋಡ್ರಿ ಟೀಚರ್" ಎಂದರು.

"ಬರ್ಲಿ ಬಿಡ್ರಿ. ತಪ್ಪಿದ್ರ ತಾನ ಹಿಡಿಯಾದು!" ಎಂದೆ.

ಆಗ ನಡೆಯುತ್ತಿದ್ದುದು ಬೀಜ ಮೊಳೆಯುವ ಪಾಠ. ಪುಸ್ತಕದಲ್ಲಿ ಹುರುಳಿಕಾಯಿ ಬೀಜ ಎರಡು ಹೋಳಾಗಿ, ಮೊಳಕೆಯ ಜೊತೆ ಮಣ್ಣಿನ ಮೇಲೆ ಬರುತ್ತಿತ್ತು. ಇಲ್ಲಿಯ ಮಕ್ಕಳಿಗೆ ತೊಗರಿ ಹತ್ತಿರವೆಂದು ನಾನು ಹೆಸರಷ್ಟೇ ಬದಲಿಸಿ, ಅದೇ ಚಿತ್ರವನ್ನು ಹಲಗೆಯ ಮೇಲೆ ಬರೆದೆ. ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯವರ ಮಗಳು ನಾನು; ತೊಗರಿಯನ್ನು ಹಲ್ಲಲ್ಲಿ ಕಡಿದು ಹಸಿಯೋ ಒಣಗಿದೆಯೋ ಹೇಳಬಲ್ಲೆ. ಚೀಲದ ಹೊರಗೆ ಅದನ್ನು ನೋಡಿದ್ದು ಕಡಿಮೆ.

ಎಲ್ಲರೂ ಹಲಗೆ ನೋಡಿ ಬರೆದರು. ಕೊನೆಯ ಸಾಲಿನಲ್ಲಿ, ವರ್ಷವೆಲ್ಲ ಬಾಯಿ ಬಿಡದ ಒಬ್ಬ ಹುಡುಗಿ ಮಾತ್ರ ಬೀಜವನ್ನು ಮಣ್ಣೊಳಗೇ ಬಿಟ್ಟು, ಚಿಗುರನ್ನಷ್ಟೇ ಮೇಲೆ ತಂದಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಹಾಳೆಯನ್ನೂ ಬಿಡದೆ ಕೆಂಪು ಗೀಟು ಎಳೆದೆ.

"ನಮ್ಮ ಹೊಲದಾಗ ಬೀಜ ಮ್ಯಾಲ ಬರಂಗಿಲ್ರಿ ಟೀಚರ್" ಎಂದಳು.

"ನನಗ ಕಲಿಸ್ತೀಯೇನ್ ಬೇ?"

"ಬರ್ರಿ, ತೋರಸ್ತೇನಿ."

ಹೊಲ ಶಾಲೆಯ ಹಿಂದೆಯೇ ಇತ್ತು. ಅವಳ ಬಾಯಿ ಮುಚ್ಚಿಸಲೆಂದೇ ಚಪ್ಪಲಿಗೆ ಎರೆಮಣ್ಣು ಮೆತ್ತಿಸಿಕೊಂಡು ಹೋದೆ. ಎರಡೆಲೆಯ ಸಸಿಯೊಂದರ ಬುಡವನ್ನು ಅವಳು ಬೆರಳಿನಿಂದ ಕೆದರಿದಳು. ಬೀಜದ ಎರಡೂ ಹೋಳು ಮಣ್ಣೊಳಗೇ ಇದ್ದವು. ಇನ್ನೊಂದು ಕೆದರಿಸಿದೆ, ಮತ್ತೊಂದು ಕೆದರಿಸಿದೆ. ಎಲ್ಲವೂ ಹಾಗೆಯೇ. ನಾಚಿಕೆಯಿಂದ ಮುಖ ಬಿಸಿಯಾಯಿತು.

ಮರುದಿನ ಸಾಹೇಬರು ಬಂದರು. ತಪ್ಪು ಪುಸ್ತಕಗಳನ್ನು ಮುಂದಿಟ್ಟರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲವೇನೋ. ಆದರೆ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಇವೆಲ್ಲಾ ತಪ್ಪರಿ, ಹಲಗಿ ಮ್ಯಾಲ ನಾನೇ ತಪ್ಪು ಚಿತ್ರ ತೆಗದಿದ್ದೆ. ಇದೊಂದೇ ಖರೇ" ಎಂದು ಅವಳ ಪುಸ್ತಕವನ್ನು ಕೊಟ್ಟೆ. ಮುಖ್ಯ ಗುರುಗಳು ಕೆಮ್ಮಿದರು.

ಸಾಹೇಬರು ಹಾಳೆಗಳನ್ನು ಸರ್ರನೆ ಬಿಟ್ಟರು, ಮತ್ತೊಮ್ಮೆ ಬಿಟ್ಟರು. "ಖರೇದಕ್ಕ ಕೆಂಪು ಗೀಟು ಯಾರು ಎಳದ್ರಿ?"

"ನಾನೇರಿ."

ಅವರು ನಕ್ಕುಬಿಟ್ಟರು. "ನಡಸ್ರಿ ಟೀಚರ್. ಇನ್ನ ಮ್ಯಾಲ ಮೊದಲ ಹೊಲ, ಆಮ್ಯಾಲ ಹಲಗಿ."

ಅವರು ಹೋದ ಮೇಲೆ ಬೇರೆ ಹಾಳೆ ಕೊಟ್ಟು, ಗೀಟಿಲ್ಲದೆ ಹೊಸದಾಗಿ ಬರೆಯೆಂದು ಹುಡುಗಿಗೆ ಹೇಳಿದೆ. ಅವಳು ಹಳೆಯ ಪುಸ್ತಕವನ್ನು ಎದೆಗವಚಿಕೊಂಡು ತಲೆಯಾಡಿಸಿದಳು.

"ಬ್ಯಾಡ್ರಿ. ನೋಡ್ರಿ, ನಿಮ್ಮ ಗೀಟುನೂ ಕುಣ್ಯಾಕತ್ತಾವ!" ಎಂದು ನನ್ನ ಮೂಗಿನ ಮುಂದೆಯೇ ಹಾಳೆಗಳನ್ನು ಬಿಟ್ಟಳು. ಕೆಂಪು ಗೀಟುಗಳ ನಡುವಿನಿಂದ ತೊಗರಿ ಮೇಲೆದ್ದು ಎಲೆ ಬಿಚ್ಚಿತು.