ಚುಯ್ ಎಂದ ಹಿಂದಿನ ಚಕ್ರಗಳು

ಹಿಂದಿನ ಎಡಚಕ್ರದ ನಡುವೆ ಒಂದು ಹನಿ ನೀರು ಬಿಟ್ಟೆ, ‘ಚುಯ್’ ಎಂದಿತು. ಬಲಚಕ್ರಕ್ಕೆ ಬಿಟ್ಟೆ, ಅದೂ ‘ಚುಯ್’ ಎಂದಿತು. ಮುಂದಿನ ಚಕ್ರಗಳ ಮೇಲೆ ಹನಿ ಸುಮ್ಮನೆ ಇಳಿದುಹೋಯಿತು. ರೊಟ್ಟಿಯ ಹಂಚು ಕಾದಿದೆಯೇ ಎಂದು ನೋಡುವ ಈ ವಿಧಾನವನ್ನು ಮಕ್ತಲದ ಚಹಾ ಅಂಗಡಿಯ ಎದುರು, ಜನ ನೋಡುತ್ತಿರುವಾಗ, ಕಾರಿನ ಮೇಲೆ ಪ್ರಯೋಗಿಸುವುದು ನನಗೆ ಸುಲಭವಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳುವ ಮುನ್ನವೂ ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡು ನೋಡುವವಳು ನಾನು.

ಆದರೆ ಕಾರಿನ ಕೀಲಿ ಕೈತಪ್ಪುವುದರಲ್ಲಿತ್ತು.

ನಾನಿರುವುದು ನಾರಾಯಣಪೇಟೆಯಲ್ಲಿ, ಸೋದರತ್ತೆಯ ಮನೆಯಲ್ಲಿ. ಅತ್ತೆಗೆ ಸೀರೆ ವ್ಯಾಪಾರ. ವಾರಕ್ಕೊಮ್ಮೆ ನಾರಾಯಣಪೇಟೆಯ ಸೀರೆ ಮಕ್ತಲದ ಮೂಲಕ ಗದ್ವಾಲಿಗೆ ಒಯ್ದು, ಅಲ್ಲಿಯದನ್ನು ಇಲ್ಲಿಗೆ ತರುತ್ತಾರೆ. ನಾನು ಎಂ.ಎಸ್ಸಿ. ಮುಗಿಸಿ ಬಂದ ಮೇಲೆ ಕಾರು ಓಡಿಸುವ ಕೆಲಸ ನನ್ನದಾಯಿತು. ಅತ್ತೆ ಅಂಗಡಿಯಲ್ಲಿ ಸೆರಗು ಬಿಚ್ಚಿ, ಮಾತು ಬಿಚ್ಚಿ, ಎರಡನ್ನೂ ಮಡಚುವವರೆಗೆ ನಾನು ಗದ್ವಾಲಿನ ಕೋಟೆಗೋಡೆಯ ನೆರಳಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿ ಓದುತ್ತ ಕೂರಬಹುದಿತ್ತು. ತುಂಬಿದ ಮನೆಯಲ್ಲಿ ಚಿಲಕವಿರುವ ನನ್ನ ಕೋಣೆ ಎಂದರೆ ಆ ಕಾರು.

ಅದರ ಹಿಂದಿನ ಬ್ರೇಕಿನ ಲೈನರುಗಳೋ, ಅಂದರೆ ಡ್ರಮ್ಮಿನ ಒಳಗೆ ಒತ್ತಿ ಚಕ್ರವನ್ನು ಹಿಡಿಯುವ ಪಟ್ಟಿಗಳು, ಹೊಸದಾಗಿ ಹಾಕಿಸಿದಷ್ಟೂ ಸವೆಯುತ್ತಿದ್ದವು. ನಮ್ಮ ದಾರಿಯಲ್ಲಿ ಘಾಟಿಯಿಲ್ಲ, ನೆಲ ಚಪ್ಪಟೆ. ಆದರೂ ಡ್ರಮ್ ಬಿಚ್ಚಿದಾಗಲೆಲ್ಲ ಮಕ್ತಲದ ಮೆಕ್ಯಾನಿಕ್ ಹಪ್ಪಳದಷ್ಟು ತೆಳುವಾದ ಲೈನರನ್ನು ಎತ್ತಿ ಹಿಡಿಯುತ್ತಿದ್ದ.

“ಮೇಡಂ, ಬ್ರೇಕ್ ಮ್ಯಾಲೆ ಕಾಲಿಟ್ಟು ನಿದ್ದಿ ಮಾಡ್ತೀರೇನು?”

ಅತ್ತೆಯ ಗಂಡ, ಅಂದರೆ ನನ್ನ ಮಾವನಿಗೆ, ಅಷ್ಟೇ ಸಾಕಾಯಿತು. “ಓದಿದ ಹುಡುಗ್ಯಾರು ಹಿಂಗಽ. ಇರುವಿ ಅಡ್ಡ ಬಂದ್ರೂ ಬ್ರೇಕ್ ತುಳೀತಾರ. ಇನ್ನೊಂದು ಸಲ ಸವೀಲಿ, ಕೀಲಿ ನನ್ನ ಕೈಯಾಗ.”

ನಾನು ಯೋಚಿಸಿದೆ. ಒಂದೇ ಚಕ್ರದ ಲೈನರು ಸವೆದಿದ್ದರೆ ದೋಷ ಆ ಚಕ್ರದಲ್ಲಿ. ಎರಡೂ ಸಮನಾಗಿ ಸವೆದಿವೆ. ಕಾಲಿನ ಬ್ರೇಕ್ ಕಾರಣವಾಗಿದ್ದರೆ ಮುಂದಿನ ಚಕ್ರಗಳೂ ಕಾಯಬೇಕಿತ್ತು. ಹಾಗಾದರೆ ಹಿಂದಿನ ಎರಡನ್ನಷ್ಟೇ ಒಟ್ಟಿಗೆ ಹಿಡಿಯುವ ಹ್ಯಾಂಡ್‌ಬ್ರೇಕಿನ ಮೇಲೆ ಅನುಮಾನ. ಆದರೆ ಹೊರಡುವ ಮುನ್ನ ನಾನು ಅದನ್ನು ಪೂರ್ತಿ ಇಳಿಸಿ, ಮೇಲೊಮ್ಮೆ ತಟ್ಟಿಯೂ ನೋಡುತ್ತೇನೆ. ಕೇಬಲ್ ಬಿಗಿದಿದೆಯೇ ಎಂದು ಜಾಕ್ ಹಾಕಿಸಿ ಚಕ್ರ ತಿರುಗಿಸಿದೆ, ಸಲೀಸಾಗಿ ತಿರುಗಿತು. ಒಬ್ಬಳೇ ಹೋದರೆ ಚಕ್ರಗಳು ತಣ್ಣಗಿರುತ್ತಿದ್ದವು. ಅತ್ತೆ ಜೊತೆಗಿದ್ದರೆ ಚುಯ್.

ಅತ್ತೆಯ ತೂಕವೇ ಕಾರಣವಿರಬಹುದು ಎನ್ನಿಸಿತು. ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಆದ್ದರಿಂದ ಹೆಚ್ಚುಕಡಿಮೆ ಅವರಷ್ಟೇ ತೂಕದ ಜೋಳದ ಚೀಲವನ್ನು ಎಡಗಡೆ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಮಕ್ತಲದವರೆಗೆ ಕರೆದೊಯ್ದೆ.

“ಚೀಲಕ್ಯಾಕ್ರಿ ಬೆಲ್ಟು?” ಎಂದು ಚಹಾದವನು ಕೇಳಿದ.

“ಇರಲಿ ಅಂತ,” ಎಂದೆ.

ಚಕ್ರಗಳು ತಣ್ಣಗಿದ್ದವು. ಅತ್ತೆ ನಿರ್ದೋಷಿ ಎಂದು ತೀರ್ಮಾನಿಸಿದೆ. ಅವರಾದರೋ ನನ್ನ ಹನಿನೀರಿನ ಪರೀಕ್ಷೆಯನ್ನು ಭಕ್ತಿ ಎಂದುಕೊಂಡಿದ್ದರು. “ನಿಂತಲ್ಲೆಲ್ಲ ಚಕ್ರಕ್ಕ ನೀರು ಬಿಡ್ತಾಳ್ರಿ. ಈಗಿನ ಕಾಲದಾಗ ಎಲ್ಲೈತಿ ಇಂಥಾ ಭಕ್ತಿ?” ಎಂದು ಚಹಾದವನಿಗೆ ಹೇಳಿದರು. ಅವನು ತನ್ನ ಮೋಟಾರ್‌ಸೈಕಲ್ಲಿಗೂ ಒಂದು ಲೋಟ ನೀರು ಬಿಟ್ಟು ಕೈಮುಗಿದ.

ಲೈನರು ಮತ್ತೆ ಸವೆಯಿತು. ಹೊಸದು ಹಾಕಿಸಿ, ಮಾವ ಕೀಲಿ ತೆಗೆದುಕೊಂಡರು. “ಹಿಂದ ಕೂಡು. ಗಾಡಿ ಹೆಂಗ ಓಡಸ್ತಾರಂತ ನೋಡಿ ಕಲಿ.”

ಸೀರೆಯ ಗಂಟುಗಳ ನಡುವೆ ಕುಳಿತೆ. ಮೊದಲ ಬಾರಿಗೆ ಕಾರನ್ನು ಹಿಂದಿನಿಂದ ನೋಡುತ್ತಿದ್ದೆ. ಮಕ್ತಲ ದಾಟುತ್ತಲೇ ಎದುರಿಗೆ ಲಾರಿ ಬಂತು. ಅತ್ತೆಯ ಬಲಗೈ ಎರಡು ಸೀಟಿನ ನಡುವಿನ ಹ್ಯಾಂಡ್‌ಬ್ರೇಕನ್ನು ಹಿಡಿದು, ಬಳೆಗಳ ಸದ್ದಿನ ಜೊತೆಗೇ, ಒಂದು ಹಲ್ಲಿನಷ್ಟು ಮೇಲೆತ್ತಿತು. ಟಕ್. ಜೂರಾಲ ಅಣೆಕಟ್ಟೆಯ ಮೇಲೆ ಟ್ರ್ಯಾಕ್ಟರ್ ಬಂತು. ಟಕ್.

“ಗಾಡಿ ಎಳೀವಲ್ದು,” ಎಂದು ಮಾವ ಗೊಣಗಿದರು. “ನಿನ್ನ ಚಟ ಗಾಡಿಗೂ ಹತ್ತೈತಿ ನೋಡು.”

ನಾನು ಟಕ್‌ಗಳನ್ನು ಎಣಿಸುತ್ತ ಕುಳಿತೆ. ಆಗಲೇ ಹೇಳಿದರೆ ಅತ್ತೆ ಕೈ ತೆಗೆಯುತ್ತಿದ್ದರು, ಮಾವ ನಂಬುತ್ತಿರಲಿಲ್ಲ. ಗದ್ವಾಲಿನಲ್ಲಿ ಕಾರು ನಿಂತಾಗ, ಮಾವ ಹ್ಯಾಂಡ್‌ಬ್ರೇಕಿಗೆ ಕೈ ಹಾಕುವ ಮುನ್ನ ಹಿಂದಿನಿಂದ ಕೈ ಅಡ್ಡ ಹಿಡಿದೆ. ಇಷ್ಟು ದಿನ ನಾನೇ ಅದನ್ನು ಪೂರ್ತಿ ಎಳೆದು ನಿಲ್ಲಿಸಿ ಸಾಕ್ಷ್ಯ ಅಳಿಸುತ್ತಿದ್ದೆ.

“ಮುಟ್ಟಬ್ಯಾಡ್ರಿ, ಮಾವ. ಮೊದಲು ಇಳಿದು ಚಕ್ರಕ್ಕ ನೀರು ಬಿಡ್ರಿ.”

ಚುಯ್.

“ನೀರಿಗೇನು ಗೊತ್ತಾಗ್ತೈತಿ,” ಎಂದು ಮಾವ ಬೆರಳಿಟ್ಟರು. “ಅಬಬಬಬಾ!”

“ಈಗ ಓಡಿಸಿದವರು ಯಾರು, ಮಾವ?”

ಅವರು ಬೆರಳು ಚೀಪುತ್ತಿದ್ದರು. ಎದ್ದು ನಿಂತಿದ್ದ ಹ್ಯಾಂಡ್‌ಬ್ರೇಕನ್ನು ತೋರಿಸಿದೆ. ಆಯುಧಪೂಜೆಯಲ್ಲಿ ಅತ್ತೆ ಮೀಟರಿನ ಗಾಜಿಗೆ ಅರಿಶಿನ ಮೆತ್ತಿ ಇಟ್ಟಿದ್ದ ಕುಂಕುಮವನ್ನು ಉಗುರಿನಿಂದ ಕೆರೆದೆ. ಅದರಡಿ ಹ್ಯಾಂಡ್‌ಬ್ರೇಕಿನ ಕೆಂಪು ದೀಪ ಉರಿಯುತ್ತಿತ್ತು.

“ಪೂಜಿ ಕುಂಕುಮ ಕೆರೀತೀಯಲ್ಲ!” ಎಂದು ಅತ್ತೆ ಕೂಗಿದರು.

“ಅತ್ತಿ, ಇದನ್ಯಾಕ ಎತ್ತತೀರಿ?”

“ಲಾರಿ ಮೈಮ್ಯಾಲೆ ಬಂದ್ರ ಏನರೆ ಹಿಡ್ಕೋಬ್ಯಾಡೇನು? ಸ್ಕೂಟರ್‌ನ್ಯಾಗ ನಿಮ್ಮ ಮಾವನ ಹೊಟ್ಟಿ ಹಿಡ್ಕೊಂತಿದ್ದೆ. ಕಾರಿನ್ಯಾಗ ಇದೊಂದಽ ಸಿಗ್ತೈತಿ.” ಸೆರಗು ಸರಿಮಾಡಿಕೊಂಡರು. “ನಾ ಎತ್ತಿದ್ದಕ್ಕಽ ನೀವೆಲ್ಲ ಇವತ್ತಿಗೂ ಉಳಿದೀರಿ. ನೆಪ್ಪಿರಲಿ.”

ಮಾವ ಸುಡದ ಕೈಯಿಂದ ಕೀಲಿ ತೆಗೆದು, ನನ್ನ ಮುಖ ನೋಡದೆ, ನನ್ನ ಅಂಗೈಗೆ ಹಾಕಿದರು.

ಮರುದಿನ ಬೆಳಿಗ್ಗೆ ಹಳೆಯ ಸೀರೆಯ ಅಂಚನ್ನು ಜಡೆಯಂತೆ ಹೆಣೆದು ಎಡಗಡೆ ಕಿಟಕಿಯ ಮೇಲೆ, ಅತ್ತೆಯ ಕೈಗೆ ಎಟುಕದಿದ್ದ ಹಿಡಿಗೆ ಕಟ್ಟಿದೆ. ಕುಂಕುಮವನ್ನು ದೀಪದ ಪಕ್ಕಕ್ಕೆ ಇಟ್ಟೆ.

“ಅತ್ತಿ, ಏನರೆ ಎದುರು ಬಂದ್ರ ಇದನ್ನ ಎಳೀರಿ.”

“ನಿಲ್ತೈತೇನು?”

“ಎಳೆದು ನೋಡ್ರಿ.”

ಓಣಿಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ನಿಂತಿತ್ತು. ಅತ್ತೆ ಎರಡೂ ಕೈಯಿಂದ ಅಂಚನ್ನು ಎಳೆದರು. ನಾನು ಮೆಲ್ಲಗೆ ಬ್ರೇಕ್ ತುಳಿದೆ.