ನಾಡಿದ್ದು ಟೈಲರ್ ಮೇಕೆಮರಿಗೆ ಹಾಲು ಕುಡಿಸಿದ್ದು

ನಮ್ಮ ಬೀದಿಯ ಟೈಲರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೆಂದು ಬಹಳ ಜನಕ್ಕೆ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಅವರು ನಾಡಿದ್ದು ಟೈಲರ್. ಬಟ್ಟೆ ಕೊಟ್ಟು, ಅಳತೆ ಕೊಟ್ಟು, “ಯಾವಾಗ ಬರಲಿ?” ಎಂದು ಕೇಳಿದವರಿಗೆಲ್ಲ ಅವರು ಕೊಡುತ್ತ ಬಂದ ಉತ್ತರ ಅದೊಂದೇ. ನಾಳೆ ಎಂದರೆ ಸುಳ್ಳಾಗುತ್ತದೆ, ಮುಂದಿನ ವಾರ ಎಂದರೆ ಗಿರಾಕಿಯ ಮುಖ ಸಪ್ಪಗಾಗುತ್ತದೆ. ನಾಡಿದ್ದು ಎಂದರೆ ಇಬ್ಬರಿಗೂ ಸಮಾಧಾನ. ಹಾಗೆಂದು ಕೆಲಸದಲ್ಲಿ ಹೆಸರಿಡುವಂತಿಲ್ಲ. ಅವರು ಹೊಲಿದ ಅಂಗಿ ಮಾಸಿ ಬಣ್ಣಗೆಟ್ಟರೂ ಕಾಲರು ಮಾತ್ರ ತಲೆ ಬಾಗಿಸುವುದಿಲ್ಲ. ಅದಕ್ಕೇ ಜನ ಬೈದುಕೊಂಡಾದರೂ ಅಲ್ಲಿಗೇ ಬರುತ್ತಾರೆ.

ಎಲ್ಲರಿಗಿಂತ ಹೆಚ್ಚು ಕಾದ ಗಿರಾಕಿ ಎಂದರೆ ಅವರ ಹೆಂಡತಿ. ಉದ್ದನೆಯ ಅಂಗಿಯೊಂದು ಬೇಕೆಂದು ಆಕೆ ಕೊಟ್ಟಿದ್ದ ಕಡು ಕಂದು ಬಣ್ಣದ ದಪ್ಪ ಬಟ್ಟೆ ಎರಡು ಚಳಿಗಾಲ ಕಳೆದರೂ ಕಪಾಟಿನ ಮೇಲಿನ ಖಾನೆಯಲ್ಲಿ ಮಡಿಕೆ ಬಿಚ್ಚದೆ ಕೂತಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿತ್ತಿಲಲ್ಲಿ ಆಕೆಯ ಮೇಕೆ ಕೊಟ್ಟಿಗೆ. ಟೈಲರ್ ಹಿತ್ತಿಲ ಬಾಗಿಲು ದಾಟಿದವರೇ ಅಲ್ಲ.

“ಬಟ್ಟೆಗೆ ಮೇಕೆ ವಾಸನೆ ಹತ್ತಿದ್ರೆ ಗಿರಾಕಿ ಓಡಿಹೋಗ್ತಾರೆ” ಎನ್ನುತ್ತಿದ್ದರು.

“ಗಿರಾಕಿ ಓಡಿಹೋಗೋದು ವಾಸನೆಗಲ್ಲ ಬಿಡಿ” ಎಂದು ಹೆಂಡತಿ ಒಳಗಿಂದಲೇ ಹೇಳುತ್ತಿದ್ದರು.

ಹೀಗಿರುವಾಗ ಮೇಕೆ ಎರಡು ಮರಿ ಹಾಕಿತು. ಆ ಸಂಭ್ರಮದಲ್ಲಿ ಓಡಾಡುತ್ತಿದ್ದ ಹೆಂಡತಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಅದರ ಬೆನ್ನಿಗೇ ಮೇಕೆಗೆ ಕೆಚ್ಚಲು ಬಾವು. ಕೆಚ್ಚಲು ಕಲ್ಲಿನಂತಾಗಿ, ಮರಿ ಬಾಯಿ ಹಾಕಿದರೆ ಸಾಕು, ಒದೆಯುತ್ತಿತ್ತು. ಬೆಳಿಗ್ಗೆ ದನದ ಡಾಕ್ಟರಮ್ಮ ಬಂದು ಮೇಕೆಗೆ ಇಂಜೆಕ್ಷನ್ ಕೊಟ್ಟು, ಮರಿಗಳನ್ನು ತಾಯಿಯ ಹತ್ತಿರ ಬಿಡಬೇಡಿ, ಬಾಟಲಿಯಲ್ಲಿ ಹಸುವಿನ ಹಾಲು ಕುಡಿಸಿ ಎಂದರು. ದೊಡ್ಡ ಮರಿಯ ಬೆನ್ನು ತಟ್ಟಿ, ಸಣ್ಣದನ್ನು ಎತ್ತಿ ಹೊಟ್ಟೆ ಮುಟ್ಟಿ ನೋಡಿದರು.

“ಇದು ನಿನ್ನೆಯಿಂದ ಏನೂ ಕುಡಿದ ಹಾಗಿಲ್ಲ. ಇವತ್ತು ಸಂಜೆಯೊಳಗೆ ಹೊಟ್ಟೆಗೆ ಹಾಲು ಬೀಳಬೇಕು. ಇಲ್ದಿದ್ರೆ ಉಳಿಯೋದು ಕಷ್ಟ.”

ಟೈಲರ್ ಬಾಯಿಗೆ ಅಭ್ಯಾಸಬಲದಿಂದ “ನಾಡಿದ್ದಿಂದ...” ಎಂದು ಬಂತು. ಹೆಂಡತಿ ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಮುಖ ನೋಡಿದರು.

“ಬಾಟಲಿ ಎಲ್ಲಿದೆ?” ಎಂದರು ಟೈಲರ್.

ಕೊಟ್ಟಿಗೆಯಲ್ಲಿ ಥಂಡಿ. ಇಸ್ತ್ರಿ ಪೆಟ್ಟಿಗೆಯ ಬಿಸಿ ಇರುವ ಕಡೆ ಮರಿಗಳು ಬೆಚ್ಚಗಿರುತ್ತವೆ ಎಂದು ಹೆಂಡತಿ ಅಂದದ್ದರಿಂದ, ಮೇಕೆಯ ವಾಸನೆ ಕೊನೆಗೂ ಅಂಗಡಿಗೇ ಬಂತು. ಚಿಂದಿ ಬಟ್ಟೆ ತುಂಬುವ ಬುಟ್ಟಿ ತೊಟ್ಟಿಲಾಯಿತು. ದೊಡ್ಡದಕ್ಕೆ ಗುಂಡ ಎಂದೂ ಸಣ್ಣದಕ್ಕೆ ಚೂರು ಎಂದೂ ಹೆಸರಿಟ್ಟವರು ಟೈಲರೇ.

ರಬ್ಬರ್ ನಿಪ್ಪಲಿಗೆ ತೂತು ಮಾಡಬೇಕಿತ್ತು. ಸೂಜಿಯ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳುವುದೇ ಎಂದು ಟೈಲರ್ ಗೋಣಿಚೀಲ ಹೊಲಿಯುವ ದಬ್ಬಳ ತಗೊಂಡರು. ಬಾಟಲಿ ಬಗ್ಗಿಸಿದ್ದೇ ತಡ, ಗುಂಡನಿಗೆ ಮುಖ ತೊಳೆದಂತಾಯಿತು. ಮರಿ ಕೆಮ್ಮಿತು, ಸೀನಿತು, ತಲೆ ಕೊಡವಿ ಉಳಿದದ್ದನ್ನು ಟೈಲರ್ ಕನ್ನಡಕಕ್ಕೆ ಹಂಚಿತು.

“ಹಾಲು ಕುಡಿಸಿ ಅಂದೆ. ಸ್ನಾನ ಮಾಡಿಸಿ ಅಂದ್ನಾ?” ಎಂದರು ಹೆಂಡತಿ.

“ಸ್ವಲ್ಪ ಸಡಿಲ ಆಯ್ತು. ಹಿಡಿಸಿದ್ರೆ ಸರಿಹೋಗುತ್ತೆ.”

ಎರಡನೆಯ ನಿಪ್ಪಲಿಗೆ ಗುಂಡಿ ಹೊಲಿಯುವ ಸೂಜಿ ಸಾಕಾಯಿತು. ಗುಂಡ ಕಚ್ಚಿ ಹಿಡಿದು, ಮುಂಗಾಲು ಮಡಿಸಿ, ಬಾಲ ಅಲ್ಲಾಡಿಸುತ್ತ, ಬಾಟಲಿಗೇ ಗುದ್ದಿ ಗುದ್ದಿ ಕುಡಿಯಿತು. ಟೈಲರ್ ಹಿಗ್ಗಿಹೋದರು. “ನೋಡು, ಹೇಗೆ ಅಳತೆಗೆ ಸರಿಯಾಗಿ ಕೂತಿದೆ.”

ಅದೇ ಹುರುಪಿನಲ್ಲಿ ಚೂರುವನ್ನು ತೊಡೆಯ ಮೇಲೆ ಅಂಗಾತ ಮಲಗಿಸಿದರು.

“ರೀ, ಅದೇನು ನಿಮ್ಮ ಮೊಮ್ಮಗನಾ? ಹಾಲು ಶ್ವಾಸಕ್ಕೆ ಹೋಗುತ್ತೆ. ಕಾಲ ಮೇಲೆ ನಿಲ್ಲಿಸಿ, ಕತ್ತು ಮೇಲೆತ್ತಿ ಕುಡಿಯೋ ಜಾತಿ ಅದು.”

ನಿಲ್ಲಿಸಿದರು. ಬಾಯಿ ಬಿಡಿಸಿದರು. ಬೆರಳಿಗೆ ಹಾಲು ಸವರಿ ನೆಕ್ಕಿಸಿದರು. ಮುದ್ದು ಮಾಡಿದರು, ಗದರಿದರು. ಚೂರು ಮುಖ ತಿರುಗಿಸಿತು. ಬಾಯೊಳಗೆ ಹೋದ ಹಾಲು ಕಟವಾಯಿಯಿಂದ ಹಾಗೇ ಇಳಿದು ಬಂತು. ಮಧ್ಯಾಹ್ನವಾಯಿತು, ಟೈಲರ್ ಹಾಲು ಬಿಸಿ ಮಾಡುವುದು, ಅದು ಆರುವುದು, ಮತ್ತೆ ಬಿಸಿ ಮಾಡುವುದು ನಡೆದೇ ಇತ್ತು. ಚೂರುವಿನ ಕಾಲು ನಡುಗುವುದು ಇಬ್ಬರಿಗೂ ಕಾಣುತ್ತಿತ್ತು. ಇಬ್ಬರೂ ಕಾಣದವರಂತಿದ್ದರು.

ಆಗ ಮರಿ ತೂರಾಡುತ್ತ ಹೋಗಿ ಹೊಲಿದು ಮುಗಿಸಿ ಗೋಡೆಗೆ ತಗ್ಗಾಗಿ ನೇತುಹಾಕಿದ್ದ ಬ್ಯಾಂಡ್ ಮಾಸ್ತರರ ಕೋಟಿನೊಳಗೆ ನುಗ್ಗಿತು. ಮೊಣಕಾಲಿನವರೆಗೆ ಬರುವ ಗಾಢ ನೀಲಿ ಕೋಟು, ಹಿತ್ತಾಳೆ ಗುಂಡಿಗಳು. ಟೈಲರ್ ಹಿಂದೆಯೇ ಧಾವಿಸಿದರು. ಎಳೆಯಲು ಹೋದವರು ಬಗ್ಗಿ ನೋಡಿ ಹಾಗೇ ಕೂತರು. ಒಳಗಿನ ಕತ್ತಲಲ್ಲಿ ಚೂರು ಕತ್ತು ನೀಳವಾಗಿ ಮೇಲೆತ್ತಿ, ಕೊನೆಯ ಗುಂಡಿಯನ್ನು ಚಪ್ಪರಿಸುತ್ತಿತ್ತು.

“ಇವಳೇ, ಇದು ನಮ್ಮನ್ನು ಹುಡುಕ್ತಿಲ್ಲ” ಎಂದು ಪಿಸುಗುಟ್ಟಿದರು. “ತಾಯಿ ಹೊಟ್ಟೆ ಹುಡುಕ್ತಿದೆ. ಮೇಲೆ ಕತ್ತಲೆ ಇರಬೇಕು ಇದಕ್ಕೆ.”

ಕೋಟಿನ ಮುಂಭಾಗದ ಸೀಳಿನಿಂದ ಬಾಟಲಿ ತೂರಿಸಿದರು. ಚೂರು ಗುಂಡಿ ಬಿಟ್ಟು ನಿಪ್ಪಲ್ ಹಿಡಿಯಿತು. ಒಂದು ಗುಟುಕು. ಇನ್ನೊಂದು.

“ಟೈಲರೇ, ಇವತ್ತೂ ನಾಡಿದ್ದೇನಾ?” ಬಾಗಿಲಲ್ಲಿ ಬ್ಯಾಂಡ್ ಮಾಸ್ತರರು.

ಹೆಂಡತಿ ಎದ್ದು ಅಡ್ಡ ನಿಂತರು. ಟೈಲರ್ ಮರಿಯನ್ನು ಕೋಟಿನಿಂದ ಬಿಡಿಸಿ ಬುಟ್ಟಿಗೆ ಹಾಕಿ, ಕೋಟನ್ನು ಕೊಡವಿ ಕೊಟ್ಟರು. ಮಾಸ್ತರರು ಅಂಚು ಮುಟ್ಟಿ ನೋಡಿದರು.

“ಒದ್ದೆ ಇದೆಯಲ್ಲ?”

“ಇಸ್ತ್ರಿಗೆ ನೀರು ಚಿಮುಕಿಸಿದ್ದೆ.”

“ಗುಂಡಿ ಏನು ಇಷ್ಟೊಂದು ಹೊಳೀತಿದೆ?”

“ಪಾಲಿಶ್” ಎಂದರು ಹೆಂಡತಿ.

ಟೈಲರ್ ನಾಡಿದ್ದು ಬನ್ನಿ ಎನ್ನಬಹುದಿತ್ತು. ಅವರ ಜೀವನದಲ್ಲಿ ಆ ಮಾತು ನಿಜವಾಗಿ ಬೇಕಾಗಿದ್ದದ್ದು ಆ ಒಂದೇ ಗಳಿಗೆಯಲ್ಲಿ. ಆದರೆ ಕೋಟು ಆಗಲೇ ಮಾಸ್ತರರ ಮೈಮೇಲೆ ಬೀದಿ ದಾಟುತ್ತಿತ್ತು.

ಬಾಟಲಿ ಹಿಡಿದರೆ ಚೂರು ಮತ್ತೆ ಮುಖ ತಿರುಗಿಸಿತು. ಕಿಟಕಿಯ ಬಿಸಿಲು ಗೋಡೆ ಹತ್ತತೊಡಗಿತ್ತು. ಟೈಲರ್ ಅಂಗಡಿಯೆಲ್ಲ ಕಣ್ಣಾಡಿಸಿದರು. ಇದ್ದದ್ದೆಲ್ಲ ಬಿಳಿ ಅಂಗಿಗಳು, ಶಾಲೆ ಮಕ್ಕಳ ತಿಳಿ ನೀಲಿ ಸಮವಸ್ತ್ರಗಳು, ಬೆಳಕು ತೂರಿ ಬರುವಷ್ಟು ತೆಳು. ಆಮೇಲೆ ಅವರ ಕಣ್ಣು ಕಪಾಟಿನ ಮೇಲಿನ ಖಾನೆಗೆ ಹೋಯಿತು. ಅಲ್ಲಿಂದ ಹೆಂಡತಿಯ ಕಡೆಗೆ.

“ತಗೊಳ್ಳಿ” ಎಂದರು ಆಕೆ. “ಹೇಗೂ ಹೊಲಿಯೋದಿಲ್ಲವಲ್ಲ.”

ಗಿಡ್ಡ ಸ್ಟೂಲಿನ ಮೇಲೆ ಕೂತು, ಕಂದು ಬಟ್ಟೆಯನ್ನು ಸೊಂಟದಿಂದ ನೆಲದವರೆಗೆ ಇಳಿಬಿಟ್ಟು, ಬಾಟಲಿಯನ್ನು ಮೊಣಕಾಲುಗಳ ನಡುವೆ ತಲೆಕೆಳಗಾಗಿ ಸಿಕ್ಕಿಸಿಕೊಂಡರು. ಹೆಂಡತಿ ಎಡಗೈಯಿಂದ ಅಂಚು ಎತ್ತಿ ಚೂರುವನ್ನು ಒಳಗೆ ತಳ್ಳಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟೈಲರ್ ಮೊಣಕಾಲಿಗೆ ಒಂದು ಗುದ್ದು ಬಿತ್ತು. ಮತ್ತೊಂದು. ಬಾಟಲಿಯಲ್ಲಿ ಗುಳುಗುಳು ಸದ್ದು. ಬಟ್ಟೆಯ ಹಿಂದೆ ಹೊರಗುಳಿದಿದ್ದ ಪುಟ್ಟ ಬಾಲ ಅಲ್ಲಾಡಲು ಶುರುವಾಯಿತು.

ಬಾಟಲಿ ಖಾಲಿಯಾಗುವವರೆಗೂ ಇಬ್ಬರೂ ಆ ಬಾಲ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಗುಂಡ ಮಾತ್ರ ಇನ್ನೊಂದು ಕಡೆಯಿಂದ ಬಂದು ಬಟ್ಟೆಯ ಮೂಲೆ ತಿನ್ನುತ್ತಿತ್ತು.

“ನಾನು ಹೊಲಿದುಬಿಟ್ಟಿದ್ರೆ ಇವತ್ತು ಏನು ಗತಿ ಹೇಳು” ಎಂದರು ಟೈಲರ್, ಧೈರ್ಯ ಮರಳಿ ಬಂದು. “ಇದಕ್ಕೇ ದೂರದೃಷ್ಟಿ ಅನ್ನೋದು.”

ಅಂದು ದೀಪ ಹಚ್ಚುವ ಮೊದಲೇ ಅವರು ಆ ಬಟ್ಟೆಯ ಒಂದು ತುಂಡಿಗೆ ಅಂಚು ಮಡಿಸಿ, ಸೊಂಟಪಟ್ಟಿ ಕೂಡಿಸಿ, ಬಾಟಲಿ ನಿಲ್ಲಲು ಒಳಗೊಂದು ಜೇಬು ಇಟ್ಟು ಹಾಲು ಕುಡಿಸುವ ಲಂಗವೊಂದನ್ನು ಹೊಲಿದು ಮುಗಿಸಿದರು. ಕೇಳಿದ ದಿನವೇ ಆ ಅಂಗಡಿಯಿಂದ ಹೊರಬಿದ್ದ ಮೊದಲ ಉಡುಪು ಅದು. ಈ ಕತೆಯನ್ನು ನನಗೆ ಹೇಳಿದವರು ಅವರ ಹೆಂಡತಿ. ಹೇಳುವಾಗ ಟೈಲರ್ ಅದನ್ನೇ ಉಟ್ಟುಕೊಂಡು ಚೂರುವಿಗೆ ಕುಡಿಸುತ್ತ, ಮಧ್ಯೆ ಮಧ್ಯೆ ತಿದ್ದುತ್ತಿದ್ದರು.

“ನನಗೆ ಎರಡು ಚಳಿಗಾಲ, ಅದಕ್ಕೆ ಅರ್ಧ ಗಂಟೆ” ಎಂದರಂತೆ ಆಕೆ ಅವತ್ತು.

“ಅದಕ್ಕೆ ನಾಡಿದ್ದು ಅಂದ್ರೆ ಅರ್ಥ ಆಗಲ್ಲ ಕಣೇ.”

“ಇವತ್ತಿಂದ ನನಗೂ ಆಗಲ್ಲ. ಉಳಿದ ಬಟ್ಟೆಯಲ್ಲಿ ಅರ್ಧ ತೋಳಿನದಾದರೂ ಸರಿ, ಅಳತೆ ತಗೊಳ್ಳಿ.” ಹಾಗೆಂದು ಎದ್ದು ನಿಂತು ಪ್ಲಾಸ್ಟರ್ ಇಲ್ಲದ ಕೈ ಚಾಚಿದರು.

ಟೈಲರ್ ಕುತ್ತಿಗೆಯಲ್ಲಿದ್ದ ಟೇಪು ಎಳೆದರು. ಅದು ಬರಲಿಲ್ಲ. ಬಗ್ಗಿ ನೋಡಿದರೆ, ಇನ್ನೊಂದು ತುದಿ ಚೂರುವಿನ ಬಾಯಲ್ಲಿತ್ತು.