ಮೊದಲ ಮನೆಯ ಹವಳ

ಸುರಬಾಯದ ನಮ್ಮ ಓಣಿಗೆ ಒಂಬತ್ತು ವರ್ಷದಿಂದ ವಾರ್ಸಿತೊ ಅವರೇ ಮುಖಂಡರು. ಆ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು, ಹಾಗಾಗಿ ಇವರ ಕೊರಳಿಗೆ ಬಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಸೀಸೆ ತೊಳೆದು ನಿವೃತ್ತರಾದ ಮನುಷ್ಯ. ಹಿರಿಯರೆಂದು ಎಲ್ಲರೂ ಅವರನ್ನು 'ಪಾಕ್' ಎಂದೇ ಕರೆಯುವುದು. ಮಾತು ಕಮ್ಮಿ, ನಗು ಅದಕ್ಕಿಂತ ಕಮ್ಮಿ. ಅವರ ಜೀವವೆಲ್ಲ ಇದ್ದದ್ದು ಮುಂದಿನ ಕೋಣೆಯ ಗಾಜಿನ ತೊಟ್ಟಿಯೊಳಗೆ, ಉಪ್ಪುನೀರಲ್ಲಿ ಕವಲುಕವಲಾಗಿ ಬೆಳೆದಿದ್ದ ಒಂದು ಹವಳದ ಮೇಲೆ.

ಹನ್ನೊಂದು ವರ್ಷದ ಹಿಂದೆ ಹವಳ ಬೆಳೆಸುವವರಿಂದ ಕಿರುಬೆರಳಿನಷ್ಟು ತುಂಡು ತಂದಿದ್ದರು. ಈಗ ಅದು ಊಟದ ತಟ್ಟೆಗಿಂತ ಅಗಲವಾಗಿತ್ತು, ತುದಿಗಳೆಲ್ಲ ನೇರಳೆ. ಬೆಳಿಗ್ಗೆ ಎದ್ದವರೇ ನೀರಿನ ಶಾಖ ನೋಡುವರು. ಒಂದು ಡಿಗ್ರಿ ಏರಿದ್ದರೆ ಫ್ಯಾನ್ ತೊಟ್ಟಿಗೆ, ಬೀಸಣಿಗೆ ಹೆಂಡತಿ ತುಮಿನಿಗೆ. ಆಮೇಲೆ ಒಂದಿಷ್ಟು ನೀರು ಸೀಸೆಗೆ ತೆಗೆದು, ಬಣ್ಣ ತಿರುಗುವವರೆಗೆ ಮದ್ದಿನ ಹನಿ ಎಣಿಸಿ, ಸುಣ್ಣದಂಶ ಎಷ್ಟು ಇಳಿದಿದೆಯೋ ಅಷ್ಟನ್ನು ಬೆರೆಸುವರು. ಯಾರಾದರೂ "ಗಿಡ ಚೆನ್ನಾಗಿದೆ" ಎಂದರೆ "ಗಿಡ ಅಲ್ಲ, ಪ್ರಾಣಿ" ಎನ್ನುವರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಹವಳ ಸಾಕುವವರಲ್ಲಿ ಒಂದು ರೂಢಿಯಿದೆ. ಕವಲೊಂದನ್ನು ಮುರಿದು ಗೆಳೆಯನಿಗೆ ಕೊಡಬೇಕು. ನಮ್ಮದು ಸತ್ತರೂ ಅವನ ಮನೆಯದು ಉಳಿದಿರುತ್ತದೆ. ವಾರ್ಸಿತೊ ಯಾರಿಗೂ ಕೊಟ್ಟವರಲ್ಲ. ಕಾಲುವೆಯಾಚೆ ಬೈಕ್ ರಿಪೇರಿ ಮಾಡುವ ಪ್ರಯಿತ್ನೊ ತಾನೂ ಒಂದು ತೊಟ್ಟಿ ಇಟ್ಟವನು. ಉಪವಾಸದ ತಿಂಗಳು ಮುಗಿದು ಲೆಬರಾನ್ ಹಬ್ಬಕ್ಕೆ ಎಲ್ಲರೂ ಮನೆಮನೆಗೆ ಹೋಗಿ ಕ್ಷಮೆ ಕೇಳುವಾಗ ಅವನು ಕವಲನ್ನೂ ಕೇಳುತ್ತಿದ್ದ.

"ಪಾಕ್, ನನ್ನ ತಪ್ಪೆಲ್ಲ ಮನ್ನಿಸಿ. ಹಾಗೇ ಒಂದು ಕಡ್ಡಿ ಕೊಡಿ."

"ಮನ್ನಿಸಿದೀನಿ. ಬಿಸ್ಕತ್ತು ತಿನ್ನು."

"ಸ್ವರ್ಗಕ್ಕೆ ಹೊತ್ಕೊಂಡು ಹೋಗ್ತೀರೇನು ಅದನ್ನ?" ಎಂದು ತುಮಿನಿ ಒಳಗಿಂದ ಕೂಗುತ್ತಿದ್ದಳು.

ಈ ಸಲದ ಮಳೆಗಾಲದಲ್ಲಿ ಓಣಿಗೆ ಡೆಂಗಿ ಬಂತು. ಎರಡನೆಯವಳಾಗಿ ಜ್ವರದಿಂದ ಮಲಗಿದವಳು ಎದುರುಮನೆ ಯಾತ್ಮಿಯ ಸೊಸೆ. ಯಾತ್ಮಿ ಆಸ್ಪತ್ರೆಯಿಂದ ನೇರ ವಾರ್ಸಿತೊ ಅವರ ಬಾಗಿಲಿಗೇ ಬಂದಳು.

"ಹೊಗೆ ಯಾವಾಗ ಹೊಡಿಸ್ತೀರಿ, ಪಾಕ್? ಇನ್ನೊಬ್ಬರು ಮಲಗೋ ತನಕ ಕಾಯೋಣ್ವಾ?"

ಸೊಳ್ಳೆ ಕೊಲ್ಲುವ ಹೊಗೆ ನೀರಿಗಿಳಿದರೆ ಹವಳವೂ ಉಳಿಯದೆಂದು ವಾರ್ಸಿತೊಗೆ ಗೊತ್ತಿತ್ತು. ಆದರೆ ನಮ್ಮಲ್ಲಿ ಹೊಗೆ ಶುರುವಾಗುವುದೇ ಮುಖಂಡರ ಮನೆಯಿಂದ. ಅವರು ಬಾಗಿಲು ಹಾಕಿಕೊಂಡರೆ ಓಣಿಯೆಲ್ಲ ಹಾಕಿಕೊಳ್ಳುತ್ತದೆ. ತೊಟ್ಟಿಯ ಕಡೆ ಒಮ್ಮೆ ನೋಡಿ, "ಶನಿವಾರ" ಎಂದರು.

ಶನಿವಾರ ಬೆಳಿಗ್ಗೆ ಜನ ಹಕ್ಕಿಪಂಜರಗಳನ್ನೆಲ್ಲ ಹೊತ್ತು ಕಾಲುವೆ ದಾಟಿಸಿದರು. ಮುನ್ನೂರು ಲೀಟರಿನ ತೊಟ್ಟಿಯನ್ನು ಹೊರುವವರು ಯಾರು? ಹವಳವನ್ನಷ್ಟೇ ಒಯ್ಯೋಣವೆಂದರೆ ಅದು ತಳದ ಬಂಡೆಗೆ ಬೆಸೆದುಕೊಂಡಿತ್ತು, ಮುರಿಯದೆ ಬರುವಂತಿರಲಿಲ್ಲ. ವಾರ್ಸಿತೊ ಗಾಳಿಯ ಪಂಪು ನಿಲ್ಲಿಸಿ, ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ತುಮಿನಿ ಉಡುವ ನಾಲ್ಕು ಸಾರೋಂಗ್ ಬಟ್ಟೆ ಒದ್ದೆ ಮಾಡಿ ಹಾಸಿದರು. ಕೋಣೆಯಲ್ಲಿ ಅರ್ಧ ನಿಮಿಷದ ಹೊಗೆಯಾದರೆ ತಡೆಯುತ್ತದೆ ಎಂದು ಲೆಕ್ಕ ಹಾಕಿದ್ದರು.

ಹೊಗೆಯವನು ಅರ್ಧ ನಿಮಿಷಕ್ಕೆ ಸರಿಯಾಗಿ ಹೊರಬಂದ. ಹೊರಗೆ ನಿಂತಿದ್ದ ವಾರ್ಸಿತೊಗೆ ತಲೆಬಾಗಿ, ಮತ್ತೆ ಒಳಗೆ ಹೋದ.

"ಮತ್ಯಾಕಪ್ಪಾ ಹೋದೆ?" ಎಂದರು, ಅವನು ಎರಡನೇ ಸಲ ಬಂದಾಗ.

"ಮುಖಂಡರ ಮನೆ ಅಲ್ವಾ, ಪಾಕ್! ಬೇರೆಯವ್ರಿಗೆ ಒಂದ್ಸಲ, ನಿಮಗೆ ಎರಡ್ಸಲ. ಆ ಒದ್ದೆ ಬಟ್ಟೆ ಅಡೀಲಿ ಸೊಳ್ಳೆ ಕೂತಿರ್ತವೆ ಅಂತ ಪ್ಲಾಸ್ಟಿಕ್ ಸಮೇತ ಎತ್ತಿ ಚೆನ್ನಾಗಿ ಹೊಡ್ದಿದೀನಿ."

ಮರ್ಯಾದೆ ಕೊಟ್ಟವನನ್ನು ಬೈಯುವುದು ಹೇಗೆ? ವಾರ್ಸಿತೊ ಉಪಕಾರವಾಯಿತು ಎಂದರು. ಅವನಿಗೆ ಕಾಫಿಯನ್ನೂ ಕೊಡಿಸಿದರು.

ಭಾನುವಾರ ಬೆಳಿಗ್ಗೆ ಹವಳದ ಬುಡ ಬೆಳ್ಳಗಾಗಿತ್ತು. ತೊಗಲು ಸುಲಿದು ನೀರಲ್ಲಿ ತೇಲುತ್ತಿತ್ತು, ಬಿಳುಪು ಕಣ್ಣೆದುರೇ ಮೇಲೇರುತ್ತಿತ್ತು. ಸುದ್ದಿ ಕೇಳಿ ಪ್ರಯಿತ್ನೊ ಇಕ್ಕಳ, ಬಕೆಟ್ಟು ಹಿಡಿದು ಓಡಿಬಂದ.

"ತುದಿಗಳಿನ್ನೂ ಬದುಕಿವೆ, ಪಾಕ್. ಬಿಳುಪು ಹತ್ತೋಕೆ ಮುಂಚೆ ಮುರೀರಿ."

"ನೀನೇ ಮುರಿ."

"ನಾನು ಮುಟ್ಟಲ್ಲ. ಆರು ವರ್ಷ ಕೇಳಿದ್ದು ನಿಜ. ಹಿಂಗಲ್ಲ ನಾನು ಕೇಳಿದ್ದು."

ವಾರ್ಸಿತೊ ತೋಳುದ್ದ ಕೈ ಇಳಿಸಿದರು. ಮೊದಲ ಕವಲು ಲಟಕ್ಕೆಂದಾಗ ಅವರಿಗೆ ಅಳು ಬಂತು. ಮುಚ್ಚಿಕೊಳ್ಳಲಿಲ್ಲ, ಹೆಂಡತಿಯ ಎದುರು, ಬೈಕ್ ರಿಪೇರಿಯವನ ಎದುರು ಅಳುತ್ತಲೇ ಹದಿಮೂರು ತುಂಡು ಮುರಿದು, ಅವನ ಮನೆಯ ನೀರಿದ್ದ ಬಕೆಟ್ಟಿಗೆ ಒಂದೊಂದಾಗಿ ಬಿಟ್ಟರು. ಸಂಜೆಯೊಳಗೆ ಉಳಿದದ್ದೆಲ್ಲ ಬರಿ ಎಲುಬು.

ಯಾತ್ಮಿಯ ಸೊಸೆ ಹುಷಾರಾಗಿ ಮನೆಗೆ ಬಂದಳು. ಮೂರನೆಯವರು ಯಾರೂ ಮಲಗಲಿಲ್ಲ. ವಾರ್ಸಿತೊ ತೊಟ್ಟಿ ತೊಳೆದರು, ಹೊಸ ನೀರು ತುಂಬಿದರು, ಶಾಖ ನೋಡಿದರು, ಹನಿ ಎಣಿಸಿದರು. ಒಳಗೆ ಏನೂ ಇರಲಿಲ್ಲ.

ನಾಲ್ಕು ತಿಂಗಳ ಮೇಲೆ ಪ್ರಯಿತ್ನೊ ಅವರನ್ನು ಮನೆಗೆ ಕರೆದ. ಹದಿಮೂರರಲ್ಲಿ ಎರಡು ಬದುಕಿ, ಕಲ್ಲಿಗೆ ಬುಡ ಕಚ್ಚಿದ್ದವು.

"ಒಯ್ಯಿರಿ, ಪಾಕ್. ಎರಡೂ ನಿಮ್ಮವೇ. ನನಗೆ ಮುಂದೆ ಯಾವಾಗಾದ್ರೂ ಒಂದು ಕಡ್ಡಿ ಕೊಟ್ರಾಯ್ತು."

ವಾರ್ಸಿತೊ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದರು.

"ಬೇಡ. ಮುಂದಿನ ಮಳೆಗಾಲಕ್ಕೆ ಮತ್ತೆ ಹೊಗೆ ಬರುತ್ತೆ. ಮೊದಲ ಮನೆ ನಂದೇ," ಎಂದರು. ಆಮೇಲೆ, ಯಾರನ್ನೂ ಏನನ್ನೂ ಕೇಳಿ ರೂಢಿಯಿಲ್ಲದ ಆ ಮನುಷ್ಯ ತಡವರಿಸಿ ಕೇಳಿದರು: "ದಿನಾ ಒಂದ್ಸಲ ಬಂದು ನೋಡ್ಕೊಂಡು ಹೋಗ್ಲಾ?"